ಯಾವ ಅರಸನ ಓಲೆ ತಂದಿರಿ?

1627ರಲ್ಲಿ ಪೀಟರ್ ನಾಯ್ಟ್ಸ್ ಎಂಬ ಡಚ್ ಅಧಿಕಾರಿಯೊಬ್ಬ ಪತ್ರವನ್ನೂ ಉಡುಗೊರೆಗಳನ್ನೂ ಹೊತ್ತ ಪರಿವಾರದೊಡನೆ ಜಪಾನಿನ ಎದೋ ನಗರವನ್ನು, ಎಂದರೆ ಇಂದಿನ ಟೋಕಿಯೋವನ್ನು, ಮುಟ್ಟಿದ. ಶೋಗನ್, ಎಂದರೆ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ತೊಕುಗಾವಾ ಇಯೆಮಿತ್ಸುವಿನ ಅಧಿಕಾರಿಗಳು ಪತ್ರದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದನ್ನು ಬರೆದವರು ಯಾರು ಎಂಬುದನ್ನೇ ಕೆದಕಿ ಕೆದಕಿ ಕೇಳಿದರು. ಹಿಂದೆ ಬಂದ ಪತ್ರ ‘ಹಾಲೆಂಡಿನ ಅರಸ’ನ ಹೆಸರಿನಲ್ಲಿತ್ತು; ಇದಾದರೋ ಬಟೇವಿಯಾದಲ್ಲಿ ಕೂತ ಗವರ್ನರ್ ಜನರಲ್ ಎಂಬವನಿಂದ ಬಂದಿತ್ತು. ಅವನು ಆ ಅರಸನ ಆಳು ತಾನೇ? ಆಳು ಬರೆದ ಓಲೆಯನ್ನು ಶೋಗನ್ ಏಕೆ ಸ್ವೀಕರಿಸಬೇಕು? ನಾಯ್ಟ್ಸ್ ವಾರಗಟ್ಟಲೆ ಕಾದು, ದರ್ಶನ ಸಿಗದೆ, ತಂದ ಪತ್ರವನ್ನು ಕೊಡಲಾಗದೆ ಹಿಂದಿರುಗಿದ.

ಜಪಾನೀ ಅಧಿಕಾರಿಗಳ ಪ್ರಶ್ನೆ ತೀರ ಸರಿಯಾದದ್ದಾಗಿತ್ತು. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳುವುದೇ ಡಚ್ಚರಿಗೆ ಸಾಧ್ಯವಿರಲಿಲ್ಲ. ಏಕೆಂದರೆ ಹಾಲೆಂಡಿಗೆ ಆಗ ಅರಸನೇ ಇರಲಿಲ್ಲ. ಏಳು ಪ್ರಾಂತಗಳು ಕೂಡಿ ನಡೆಸುತ್ತಿದ್ದ ಗಣರಾಜ್ಯ ಅದು. ಅದರ ಪ್ರತಿನಿಧಿ ಸಭೆ 1602ರಲ್ಲಿ ವರ್ತಕರ ಕೂಟವೊಂದಕ್ಕೆ ಸನದು ಬರೆದುಕೊಟ್ಟಿತು. ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರದಿಂದ ಪೂರ್ವಕ್ಕಿರುವ ಸಮುದ್ರಗಳಲ್ಲಿ ಡಚ್ಚರ ಪೈಕಿ ಆ ಕೂಟವೊಂದೇ ವ್ಯಾಪಾರ ಮಾಡಬೇಕು. ಅಲ್ಲಿನ ದೊರೆಗಳೊಡನೆ ಒಪ್ಪಂದ ಮಾಡಿಕೊಳ್ಳುವ, ಕೋಟೆ ಕಟ್ಟುವ, ಸೈನಿಕರನ್ನು ಇಡುವ ಅಧಿಕಾರವೂ ಅದಕ್ಕೇ ಸೇರಿದ್ದು. ಇದೇ ಡಚ್ ಈಸ್ಟ್ ಇಂಡಿಯಾ ಕಂಪನಿ. ‘ಕಂಪನಿ ಸರ್ಕಾರ’ ಎಂದೊಡನೆ ನಮಗೆ ನೆನಪಾಗುವುದು ಇಂಗ್ಲಿಷರ ಕಂಪನಿ. ಆದರೆ 17ನೇ ಶತಮಾನದ ಏಷ್ಯದ ಸಮುದ್ರಗಳಲ್ಲಿ ಡಚ್ಚರ ಕಂಪನಿಯೇ ದೊಡ್ಡದು. 1619ರಲ್ಲಿ ಅದು ಜಾವಾ ದ್ವೀಪದ ಜಯಕರ್ತ ಪಟ್ಟಣವನ್ನು ಸುಟ್ಟು, ಆ ಬೂದಿಯ ಮೇಲೆ ಬಟೇವಿಯಾ ಕೋಟೆಯನ್ನು ಕಟ್ಟಿತು. ಇಂದಿನ ಜಕಾರ್ತ ಅದೇ ನೆಲ. ಹಾಲೆಂಡಿನಲ್ಲಿದ್ದ 17 ಮಂದಿ ನಿರ್ದೇಶಕರಿಗೆ ಒಂದು ಪ್ರಶ್ನೆ ಬರೆದು ಹಡಗಿಗೆ ಹಾಕಿದರೆ ಅದು ಅವರ ಕೈ ಸೇರಲು ಎಂಟು ತಿಂಗಳಾದರೂ ಬೇಕು, ಉತ್ತರಕ್ಕೆ ಇನ್ನೊಂದು ಎಂಟು ತಿಂಗಳು. ಆದ್ದರಿಂದ ಏಷ್ಯದ ಮಟ್ಟಿಗೆ ಬಟೇವಿಯಾದ ಗವರ್ನರ್ ಜನರಲ್ಲನೇ ಯುದ್ಧ, ಸಂಧಿ, ಮೆಣಸಿನ ದರ ಎಲ್ಲವನ್ನೂ ನಿರ್ಧರಿಸುತ್ತಿದ್ದ. ಹುಟ್ಟಿನಿಂದ ಸೆಟ್ಟಿ, ನಡತೆಯಲ್ಲಿ ದೊರೆ. ಇಂಥವನಿಗೆ ಓಲೆ ಬರೆಯುವಾಗ ಏನೆಂದು ಸಂಬೋಧಿಸಬೇಕು?

ಇದು ಬರಿಯ ಶಿಷ್ಟಾಚಾರದ ತಕರಾರಲ್ಲ ಎಂಬುದನ್ನು ತಿಳಿಯಲು ನಮ್ಮ ಹಳೆಯ ಕಡತಗಳ ಮಾತನ್ನೇ ನೆನಪಿಸಿಕೊಂಡರೆ ಸಾಕು. ಮೇಲಿನವರು ಕೆಳಗಿನವರಿಗೆ ಬರೆದದ್ದು ನಿರೂಪ. ಕೆಳಗಿನವರು ಮೇಲಿನವರಿಗೆ ಬರೆದದ್ದು ಬಿನ್ನವತ್ತಳೆ. ಕಾಗದದ ಒಕ್ಕಣೆ ನೋಡಿದೊಡನೆ ಒಳಗಿನ ಸಂಗತಿ ಓದುವ ಮೊದಲೇ ಯಾರು ಯಾರಿಗೆ ತಲೆಬಾಗಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. ಏಷ್ಯದ ಬಹುಪಾಲು ಆಸ್ಥಾನಗಳಲ್ಲಿ ವ್ಯವಸ್ಥೆ ಹೀಗೆಯೇ ಇತ್ತು. ಪತ್ರವೆಂದರೆ ಸುದ್ದಿ ಮುಟ್ಟಿಸುವ ಸಾಧನ ಮಾತ್ರವಲ್ಲ. ಅರಸನ ಮೈಯ ಒಂದು ಭಾಗವೇ ದೂರ ದೇಶಕ್ಕೆ ಹೋದಂತೆ. ಅದಕ್ಕೆ ಸಿಕ್ಕ ಮರ್ಯಾದೆ ಅರಸನಿಗೆ ಸಿಕ್ಕ ಮರ್ಯಾದೆ, ಅದಕ್ಕಾದ ಅವಮಾನ ಅರಸನಿಗಾದ ಅವಮಾನ.

ಡಚ್ಚರು ಮೊದಮೊದಲು ಈ ತೊಡಕನ್ನು ಒಂದು ಜಾಣ ಸುಳ್ಳಿನಿಂದ ದಾಟಿಕೊಂಡರು. ಗಣರಾಜ್ಯದ ಸೇನಾನಾಯಕನಾಗಿದ್ದ ಮೌರಿತ್ಸ್ ಎಂಬಾತ ರಾಜಮನೆತನದವನಂತೆ ಕಾಣುತ್ತಿದ್ದ, ಪೋಷಾಕು ಪರಿವಾರಗಳೂ ಅವನಿಗಿದ್ದವು. ಅವನನ್ನೇ ‘ಅರಸ’ನೆಂದು ಮುಂದೆ ನಿಲ್ಲಿಸಿದರು. ಸುಮಾತ್ರ ದ್ವೀಪದ ‘ಆಚೆ’ ಎಂಬ ರಾಜ್ಯದ ಸುಲ್ತಾನನ ದೂತರು 1602ರಲ್ಲಿ ಯುರೋಪಿಗೆ ಹೋಗಿ ಅವನನ್ನು ಯುದ್ಧದ ಬಿಡಾರದಲ್ಲೇ ಕಂಡರು. ಅವರಲ್ಲಿ ಮುಖ್ಯನಾದ ಅಬ್ದುಲ್ ಹಮೀದ್ ಹಿಂದಿರುಗಲಿಲ್ಲ, ಮಿಡಲ್‌ಬರ್ಗ್ ಪಟ್ಟಣದಲ್ಲಿ ತೀರಿಕೊಂಡ. ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ದೂತರು 1608ರ ಸೆಪ್ಟೆಂಬರಿನಲ್ಲಿ ಹೇಗ್ ನಗರದಲ್ಲಿ ಇದೇ ಮೌರಿತ್ಸನಿಗೆ ತಮ್ಮ ದೊರೆಯ ಪತ್ರ ಒಪ್ಪಿಸಿದರು. 1609ರಲ್ಲಿ ಜಪಾನಿನಲ್ಲಿ ತೊಕುಗಾವಾ ಇಯೆಯಾಸು ಕೆಂಪು ಮೊಹರಿನ ವ್ಯಾಪಾರ ಪರವಾನಗಿ ಕೊಟ್ಟದ್ದೂ ಈ ‘ಅರಸ’ನ ಕಡೆಯವರಿಗೇ. ಬಟೇವಿಯಾ ಬೆಳೆದು ತನ್ನ ಹೆಸರಿನಲ್ಲೇ ಪತ್ರ ಬರೆಯತೊಡಗಿದಾಗ ಸುಳ್ಳು ಬಯಲಾಯಿತು. ಸಯಾಮಿನವರು ಮಾತ್ರ ಇದಕ್ಕೆ ಅಚ್ಚುಕಟ್ಟಾದ ಪರಿಹಾರ ಕಂಡುಕೊಂಡಿದ್ದರು. ಸಯಾಮಿನ ರಾಜಧಾನಿ ಅಯುತ್ಥಯದ ದೊರೆ ಬರೆಯುವುದಿದ್ದರೆ ಹಾಲೆಂಡಿನ ‘ಅರಸ’ನಿಗೆ ಬರೆಯುತ್ತಿದ್ದ, ಬಟೇವಿಯಾದ ಗವರ್ನರ್ ಜನರಲ್ಲನಿಗೆ ಬರೆಯುವ ಕೆಲಸ ಭಂಡಾರ ಹಾಗೂ ವಿದೇಶ ವ್ಯವಹಾರ ನೋಡಿಕೊಳ್ಳುವ ಮಂತ್ರಿಯದು. ಆಳಿಗೆ ಆಳು ಬರೆದರೆ ಯಾರ ಮಾನಕ್ಕೂ ಕುಂದಿಲ್ಲ.

ನಾಯ್ಟ್ಸನ ಕತೆ ಎದೋದಲ್ಲಿ ಮುಗಿಯಲಿಲ್ಲ. ಅವನು ಮುಂದೆ ತೈವಾನಿನ ಡಚ್ ಠಾಣೆಗೆ ಅಧಿಕಾರಿಯಾಗಿ ಹೋದ. ಅಲ್ಲಿ ಜಪಾನೀ ವರ್ತಕರೊಡನೆ ಜಗಳ ಕಾಯ್ದು, 1628ರಲ್ಲಿ ಅವರ ಕೈಗೆ ತಾನೇ ಒತ್ತೆಯಾಳಾದ. ಜಪಾನು ಡಚ್ಚರ ವ್ಯಾಪಾರವನ್ನು ತಡೆಹಿಡಿಯಿತು. ಕೊನೆಗೆ 1632ರಲ್ಲಿ ಕಂಪನಿ ತನ್ನ ಅಧಿಕಾರಿಯನ್ನೇ ಜಪಾನಿನವರಿಗೆ ಒಪ್ಪಿಸಿಬಿಟ್ಟಿತು. 1636ರಲ್ಲಿ ಶೋಗನ್ನನ ತಾತ ಇಯೆಯಾಸುವಿನ ಸಮಾಧಿ ದೇಗುಲಕ್ಕೆಂದು ದೊಡ್ಡದೊಂದು ತೂಗುದೀಪವನ್ನು ಕಾಣಿಕೆ ಕೊಟ್ಟ ಮೇಲೆ ನಾಯ್ಟ್ಸನ ಬಿಡುಗಡೆಯಾಯಿತು. ಲೋಹದ ಆ ತೂಗುದೀಪ ಇಂದಿಗೂ ನಿಕ್ಕೋ ಊರಿನ ದೇಗುಲದ ಅಂಗಳದಲ್ಲಿದೆ. ಅಲ್ಲಿಂದ ಮುಂದೆ ಕಂಪನಿ ಜಪಾನಿನಲ್ಲಿ ಸಮಾನ ದೊರೆಯ ವೇಷವನ್ನು ಕಳಚಿಟ್ಟು, ಶೋಗನ್ನನ ನಿಷ್ಠ ಸೇವಕನ ಪಾತ್ರಕ್ಕೆ ಇಳಿಯಿತು. ಅದರ ಮುಖ್ಯಸ್ಥ ಎದೋಗೆ ಹೋಗಿ ನೆಲಕ್ಕೆ ಹಣೆ ಹಚ್ಚಿ ಬರುವುದು ಪದ್ಧತಿಯಾಯಿತು. ಬೀಜಿಂಗಿನಲ್ಲೂ ಇದೇ ಪಾಡು. 1656ರಲ್ಲಿ ಅಲ್ಲಿಗೆ ಹೋದ ಡಚ್ ನಿಯೋಗ ವಿಧಿವತ್ತಾಗಿ ಮಂಡಿಯೂರಿ ಹಣೆ ಮುಟ್ಟಿಸಿತು. ಕೇಳಿದ್ದು ಮುಕ್ತ ವ್ಯಾಪಾರವನ್ನು. ಸಿಕ್ಕಿದ್ದು ಎಂಟು ವರ್ಷಕ್ಕೊಮ್ಮೆ ಕಪ್ಪ ಹೊತ್ತು ಬರುವ ಅಪ್ಪಣೆ. ಮಾನಕ್ಕಿಂತ ಲಾಭ ದೊಡ್ಡದು ಎಂಬ ಲೆಕ್ಕಾಚಾರದಲ್ಲಿ ಕಂಪನಿಗೆ ಯಾವ ಮುಜುಗರವೂ ಇದ್ದಂತೆ ಕಾಣುವುದಿಲ್ಲ.

ಇನ್ನು ಬಟೇವಿಯಾಕ್ಕೆ ಬರುತ್ತಿದ್ದ ಪತ್ರಗಳನ್ನು ನೋಡೋಣ. ಆಗ್ನೇಯ ಏಷ್ಯದ ರಾಜವ್ಯವಹಾರದ ಸಾಮಾನ್ಯ ಭಾಷೆ ಮಲಯ, ಲಿಪಿ ಅರಬ್ಬೀ ಮೂಲದ ಜಾವಿ. ಸುಲ್ತಾನನೊಬ್ಬನ ಮಲಯ ಪತ್ರ ಎಂಬುದು ಕಟ್ಟುನಿಟ್ಟಾದ ಅಂಗಗಳುಳ್ಳ ರಚನೆ. ನೆತ್ತಿಯ ಮೇಲೆ ಅರಬ್ಬೀ ಭಾಷೆಯ ಒಂದು ಶೀರ್ಷಿಕೆ, ‘ಅವನ ಮಾತೇ ಸತ್ಯ’ ಎಂಬಂಥದ್ದು. ಅದರ ಕೆಳಗೆ ಕಳಿಸುವವನ ಮತ್ತು ಪಡೆಯುವವನ ಬಿರುದಾವಳಿ, ಸ್ತುತಿ, ಶುಭಾಶಯ. ಇದೇ ಎಷ್ಟೋ ಸಲ ಪತ್ರದ ಮುಕ್ಕಾಲು ಭಾಗವನ್ನು ನುಂಗುತ್ತದೆ. ಆಮೇಲೆ ‘ಅದಾದ ನಂತರ’ ಎಂಬ ಅರ್ಥದ ಒಂದು ಪದ ಬಂದಾಗ ಓದುವವರು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು, ಏಕೆಂದರೆ ನಿಜವಾದ ಕೆಲಸದ ಮಾತು ಅಲ್ಲಿಂದ ಶುರು. ಕೊನೆಯಲ್ಲಿ ಉಡುಗೊರೆಯ ಪಟ್ಟಿ, ಅದೂ ವಿನಯದ ಮಾತಿನಲ್ಲಿ: ಇದು ಏನೂ ಅಲ್ಲ, ನಾವು ಬದುಕಿದ್ದೇವೆ ಎಂಬುದರ ಗುರುತು ಮಾತ್ರ. ಮೊಹರನ್ನು ಹಾಳೆಯ ಅಂಚಿನಲ್ಲಿ ಎಷ್ಟು ಮೇಲೆ ಅಥವಾ ಕೆಳಗೆ ಒತ್ತಬೇಕು ಎಂಬುದಕ್ಕೂ ಇಬ್ಬರ ಅಂತಸ್ತೇ ಅಳತೆ. ಮಡಿಸಿದ ಪತ್ರ ಹೋಗುತ್ತಿದ್ದದ್ದು ಹಳದಿ ರೇಷ್ಮೆಯ ಚೀಲದಲ್ಲಿ. ಹಳದಿ ಅರಸರ ಬಣ್ಣ. ಇಂಥ ಪತ್ರಗಳ ವೈಭವ ಎಷ್ಟಿರಬಹುದು ಎಂಬುದಕ್ಕೆ ‘ಆಚೆ’ ರಾಜ್ಯದ ಸುಲ್ತಾನ ಇಸ್ಕಂದರ್ ಮುದಾ 1615ರಲ್ಲಿ ಇಂಗ್ಲೆಂಡಿನ ಒಂದನೇ ಜೇಮ್ಸನಿಗೆ ಬರೆದ ಓಲೆಯೇ ಸಾಕ್ಷಿ: ಉದ್ದ ಒಂದು ಮೀಟರಿಗೆ ಸಮೀಪ, ಮೇಲೆಲ್ಲ ಚಿನ್ನದ ಬಳ್ಳಿಗಳ ಚಿತ್ತಾರ. ಅದು ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿದೆ.

ಇಂಥ ಪತ್ರ ಹೊತ್ತ ಹಡಗು ಬಟೇವಿಯಾದ ರೇವಿನಲ್ಲಿ ಲಂಗರು ಹಾಕಿದರೆ, ಕಂಪನಿಯ ಶಹಬಂದರ, ಎಂದರೆ ಬಂದರಿನ ಅಧಿಕಾರಿ, ದೂತರನ್ನು ಎದುರುಗೊಳ್ಳುತ್ತಿದ್ದ. ಪತ್ರವನ್ನು ಬೆಳ್ಳಿಯ ತಟ್ಟೆಯ ಮೇಲಿಟ್ಟು, ವಸ್ತ್ರ ಹೊದಿಸಿ, ಅದರ ಮೇಲೆ ಛತ್ರಿ ಹಿಡಿದು, ಸೈನಿಕರ ಸಾಲಿನ ನಡುವೆ ಮೆರವಣಿಗೆಯಲ್ಲಿ ಕೋಟೆಗೆ ಕರೆತರುತ್ತಿದ್ದರು. ‘ಕರೆತರುತ್ತಿದ್ದರು’ ಎಂಬುದೇ ಸರಿಯಾದ ಮಾತು. ಛತ್ರಿಯ ನೆರಳು ಇದ್ದದ್ದು ದೂತನಿಗಲ್ಲ, ಓಲೆಗೆ. ಕೋವಿ, ಫಿರಂಗಿಗಳ ಸಲಾಮು ಆಗುತ್ತಿತ್ತು, ಮತ್ತು ಯಾರ ಪತ್ರಕ್ಕೆ ಎಷ್ಟು ಸಲಾಮು ಎಂಬುದನ್ನು ದೂತರ ಕಡೆಯವರು ಎಣಿಸುತ್ತಿದ್ದರು, ಕಂಪನಿಯ ಗುಮಾಸ್ತರು ಬರೆದಿಡುತ್ತಿದ್ದರು. ಗವರ್ನರ್ ಜನರಲ್ ತನ್ನ ಸಲಹಾ ಮಂಡಳಿಯೊಡನೆ ಪತ್ರವನ್ನು ಸ್ವೀಕರಿಸಿದ ಮೇಲೆ ಅದು ಅನುವಾದಕನ ಮೇಜಿಗೆ ಹೋಗುತ್ತಿತ್ತು. ಸಯಾಮಿನ ಪತ್ರವಾದರೆ ಥಾಯ್ ಭಾಷೆಯಿಂದ ಮಲಯಕ್ಕೆ, ಮಲಯದಿಂದ ಡಚ್ಚಿಗೆ ಎರಡು ಮೆಟ್ಟಿಲು ಇಳಿಯಬೇಕಾಗಿ ಬರುತ್ತಿತ್ತು. ಡಚ್ ಅನುವಾದವನ್ನು ಕೋಟೆಯ ದಿನಚರಿ ಪುಸ್ತಕಕ್ಕೆ ನಕಲು ಮಾಡುತ್ತಿದ್ದರು. ಬಂದ ಹಡಗು, ಹೋದ ಹಡಗುಗಳ ಲೆಕ್ಕದ ಪಕ್ಕದಲ್ಲೇ ಸುಲ್ತಾನನ ಬಿರುದಾವಳಿಯೂ ದಾಖಲಾಗುತ್ತಿತ್ತು.

ಇಷ್ಟೆಲ್ಲ ಮೆರವಣಿಗೆ ಕಂಡ ಮೂಲ ಓಲೆಗಳಲ್ಲಿ ಬಹುಪಾಲು ಆಮೇಲೆ ಉಳಿಯಲಿಲ್ಲ. ಕಂಪನಿಗೆ ಬೇಕಿದ್ದದ್ದು ಸಂಗತಿ, ಚಿನ್ನದ ಬಳ್ಳಿಯಲ್ಲ. ಹೀಗಾಗಿ ಆ ಅರಸರ ದನಿಯನ್ನು ನಾವು ಇಂದು ಕೇಳುತ್ತಿರುವುದು ಎದುರು ಪಕ್ಷದ ಗುಮಾಸ್ತನ ಕೈಬರಹದಲ್ಲಿ. ಈ ವಿಷಯದ ಬಗ್ಗೆ ಏನೇ ಓದುವಾಗಲೂ ಇದೊಂದನ್ನು ಮರೆಯಬಾರದು ಎಂಬುದು ನನ್ನ ಅಭಿಪ್ರಾಯ; ಏಕೆಂದರೆ ನಕಲಿನಲ್ಲಿ ಏನು ಉದುರಿಹೋಗಬಹುದು ಎಂಬುದಕ್ಕೆ ಶ್ರೀಲಂಕಾದ ಒಂದು ಉದಾಹರಣೆ ಕಣ್ಣಿಗೆ ರಾಚುವಂತಿದೆ.

ಕ್ಯಾಂಡಿಯ ದೊರೆ ಎರಡನೇ ರಾಜಸಿಂಹನಿಗೆ ಪೋರ್ಚುಗೀಸರನ್ನು ಕರಾವಳಿಯಿಂದ ಓಡಿಸಬೇಕಿತ್ತು, ಡಚ್ಚರಿಗೆ ದಾಲ್ಚಿನ್ನಿ ಬೇಕಿತ್ತು. 1638ರ ಮೇ ತಿಂಗಳಲ್ಲಿ ಇಬ್ಬರೂ ಸೇರಿ ಪೋರ್ಚುಗೀಸರ ಬಟ್ಟಿಕಲೋವಾ ಕೋಟೆಯನ್ನು ಗೆದ್ದುಕೊಂಡರು; ಅದೇ ತಿಂಗಳ 23ರಂದು ಡಚ್ ನೌಕಾಪತಿ ಆದಂ ವೆಸ್ಟರ್‌ವೋಲ್ಟ್ ಮತ್ತು ದೊರೆ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧದ ಖರ್ಚನ್ನು ದೊರೆ ದಾಲ್ಚಿನ್ನಿಯೇ ಮೊದಲಾದ ಸರಕಿನಲ್ಲಿ ತುಂಬಿಕೊಡಬೇಕು. ಗೆದ್ದ ಕೋಟೆಗಳಲ್ಲಿ ಡಚ್ ಪಡೆ ಇರಬೇಕು ಎಂಬುದು ಮೂರನೆಯ ಕಲಮು. ದೊರೆಯ ಕೈಯಲ್ಲಿದ್ದ ಪೋರ್ಚುಗೀಸ್ ಭಾಷೆಯ ಪ್ರತಿಯಲ್ಲಿ ಆ ಕಲಮಿನೊಳಗೆ ‘ದೊರೆಗೆ ಅದು ಸರಿಕಂಡರೆ’ ಎಂಬ ಒಂದು ಮಾತು ಇತ್ತು. ಡಚ್ ಪ್ರತಿಯಲ್ಲಿ ಅದು ಇರಲಿಲ್ಲ. ಅಷ್ಟೇ ವ್ಯತ್ಯಾಸ. ಆ ಮಾತು ಇದ್ದರೆ ಕೋಟೆ ದೊರೆಯದು, ಡಚ್ಚರು ಕರೆಸಿಕೊಂಡ ಕಾವಲುಗಾರರು. ಇಲ್ಲದಿದ್ದರೆ ಸಾಲ ತೀರುವ ತನಕ ಕೋಟೆ ಡಚ್ಚರ ಅಡವು. ಸಾಲದ ಲೆಕ್ಕ ಬರೆಯುವವರೂ ಅವರೇ ಆದ್ದರಿಂದ ಅದು ತೀರುವುದು ಎಂದೆಂದಿಗೂ ಇಲ್ಲ.

ತಮಾಷೆಯೆಂದರೆ ರಾಜಸಿಂಹ ಪೋರ್ಚುಗೀಸ್ ಭಾಷೆಯನ್ನು ಬಲ್ಲವನು. ಡಚ್ಚರಿಗೆ ತನ್ನ ಪತ್ರಗಳನ್ನು ಆ ಭಾಷೆಯಲ್ಲೇ ಕಳಿಸುತ್ತಿದ್ದ. ಶತ್ರುವಿನ ಭಾಷೆಯೇ ಹೊಸ ಮಿತ್ರರ ನಡುವಿನ ಸೇತುವೆಯಾಗಿತ್ತು. ಆ ಪತ್ರಗಳಲ್ಲಿ ಅವನು ತನ್ನನ್ನು ಇಡೀ ದ್ವೀಪದ ಚಕ್ರವರ್ತಿ ಎಂದು ಕರೆದುಕೊಂಡು, ಡಚ್ಚರನ್ನು ತನ್ನ ಸೇವೆಯಲ್ಲಿರುವ ತನ್ನವರೆಂಬಂತೆ ಸಂಬೋಧಿಸುತ್ತಿದ್ದ. 1640ರಲ್ಲಿ ಗಾಲೆ ಕೋಟೆ ಬಿದ್ದಿತು, ಡಚ್ಚರು ಅದನ್ನು ಬಿಟ್ಟುಕೊಡಲಿಲ್ಲ. 1656ರ ಮೇ ತಿಂಗಳಲ್ಲಿ ಕೊಲಂಬೊ ಬಿದ್ದಾಗ, ಹೊರಗೆ ದಂಡಿನೊಡನೆ ಬೀಡುಬಿಟ್ಟಿದ್ದ ದೊರೆಗೇ ಬಾಗಿಲು ಮುಚ್ಚಿದರು. ಶುಂಠಿ ಕೊಟ್ಟು ಮೆಣಸಿನಕಾಯಿ ಕೊಂಡ ಹಾಗಾಯಿತು ಎಂಬ ಗಾದೆ ಸಿಂಹಳದಲ್ಲಿ ಇಂದಿಗೂ ಇದೆ. ಪೋರ್ಚುಗೀಸರನ್ನು ಕಳೆದು ಡಚ್ಚರನ್ನು ಪಡೆದ ವ್ಯಾಪಾರಕ್ಕೆ ಅದನ್ನು ಹೇಳುತ್ತಾರೆ.

ಇಷ್ಟಾದರೂ ಪತ್ರಗಳ ಒಕ್ಕಣೆ ಬದಲಾಗಲಿಲ್ಲ. ದಾಲ್ಚಿನ್ನಿ ಬೆಳೆಯುತ್ತಿದ್ದ ಕಾಡುಗಳಲ್ಲಿ ಕ್ಯಾಂಡಿಯ ಒಪ್ಪಿಗೆಯಿಲ್ಲದೆ ತೊಗಟೆ ಸುಲಿಯುವುದು ಕಷ್ಟ. ಆದ್ದರಿಂದ ಡಚ್ ಗವರ್ನರರು ಕರಾವಳಿಯನ್ನು ತಾವು ದೊರೆಯ ಪರವಾಗಿ ಕಾಯುತ್ತಿದ್ದೇವೆ ಎಂಬ ಧಾಟಿಯಲ್ಲಿ ಬರೆಯುತ್ತಲೇ ಹೋದರು. ಅವರ ದೂತರು ಕ್ಯಾಂಡಿಯ ಅರಮನೆಯಲ್ಲಿ ಬೆಳ್ಳಿಯ ತಟ್ಟೆಯಲ್ಲಿ ಪತ್ರ ಎತ್ತಿ ಹಿಡಿದು ಮಂಡಿಯೂರಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಈ ನಾಟಕ ನಿಂತದ್ದು 1766ರಲ್ಲಿ. ಯುದ್ಧದಲ್ಲಿ ಸೋತ ಕೀರ್ತಿಶ್ರೀ ರಾಜಸಿಂಹ ಇಡೀ ಕರಾವಳಿ ಕಂಪನಿಯದೇ ಎಂದು ಬರೆದುಕೊಡಬೇಕಾಯಿತು, ಮತ್ತು ಕ್ಯಾಂಡಿಗೆ ಸಮುದ್ರದ ದಾರಿಯೇ ಮುಚ್ಚಿಹೋಯಿತು. ಇದೇ ದೊರೆಯ ಕಾಲದಲ್ಲಿ, 1753ರಲ್ಲಿ, ದ್ವೀಪದಲ್ಲಿ ಕಡಿದುಹೋಗಿದ್ದ ಬೌದ್ಧ ಭಿಕ್ಷು ದೀಕ್ಷೆಯ ಪರಂಪರೆಯನ್ನು ಮತ್ತೆ ಆರಂಭಿಸಲು ಸಯಾಮಿನಿಂದ ಉಪಾಲಿ ಥೇರ ಬಂದಿದ್ದ. ಕ್ಯಾಂಡಿಯ ದೂತರು ಅಯುತ್ಥಯಕ್ಕೆ ಪ್ರಯಾಣ ಮಾಡಿದ್ದು ಡಚ್ಚರ ಹಡಗಿನಲ್ಲಿ. ಇಬ್ಬರು ಬೌದ್ಧ ದೊರೆಗಳ ನಡುವೆ ಕ್ರೈಸ್ತ ವರ್ತಕರು ಅಂಚೆಯವರಾದರು. ದೊರೆಯ ಮನಸ್ಸು ಕೆಡಿಸಿಕೊಂಡರೆ ದಾಲ್ಚಿನ್ನಿಗೆ ತೊಂದರೆ ಎಂಬುದು ಅವರಿಗೆ ಗೊತ್ತಿತ್ತು.

ಜಾವಾದಲ್ಲಿ ಅಂತಸ್ತಿನ ಭಾಷೆ ಬೇರೊಂದು ರೂಪ ತಳೆಯಿತು. ಮಾತರಾಂ ರಾಜ್ಯದ ಸುಲ್ತಾನ ಅಗುಂಗ್ 1628 ಮತ್ತು 1629ರಲ್ಲಿ ಎರಡು ಸಲ ಬಟೇವಿಯಾಕ್ಕೆ ಮುತ್ತಿಗೆ ಹಾಕಿ ವಿಫಲನಾಗಿದ್ದ. ಅವನ ಮಗ 1646ರಲ್ಲಿ ಸಂಧಿ ಮಾಡಿಕೊಂಡಾಗ, ಕಂಪನಿ ಪ್ರತಿವರ್ಷ ಉಡುಗೊರೆಯೊಡನೆ ದೂತರನ್ನು ಕಳಿಸತಕ್ಕದ್ದು ಎಂದಾಯಿತು. ಕಂಪನಿಯ ಲೆಕ್ಕದಲ್ಲಿ ಅದು ವ್ಯಾಪಾರದ ಖರ್ಚು. ಮಾತರಾಂ ಆಸ್ಥಾನದ ಕಣ್ಣಿನಲ್ಲಿ ಅದು ಕಪ್ಪ. ಎರಡೂ ಕಡೆಯವರಿಗೆ ಸಮಾಧಾನ. 18ನೇ ಶತಮಾನದ ಹೊತ್ತಿಗೆ ತಕ್ಕಡಿ ತಿರುಗಿತ್ತು. ಜಾವಾದ ದೊರೆಗಳು ಪತ್ರಗಳಲ್ಲಿ ಗವರ್ನರ್ ಜನರಲ್ಲನನ್ನು ‘ಅಜ್ಜ’ ಎಂದೂ ಈಶಾನ್ಯ ಕರಾವಳಿಯ ಡಚ್ ಅಧಿಕಾರಿಯನ್ನು ‘ಅಪ್ಪ’ ಎಂದೂ ಕರೆಯತೊಡಗಿದ್ದರು. ಇದನ್ನು ಬರಿಯ ಶರಣಾಗತಿ ಎಂದು ಓದುವುದು ತಪ್ಪಾದೀತು. ಅಜ್ಜನಿಗೆ ಮೊಮ್ಮಗ ಮರ್ಯಾದೆ ಕೊಡಬೇಕು ನಿಜ. ಆದರೆ ಮೊಮ್ಮಗ ಕಷ್ಟದಲ್ಲಿದ್ದಾಗ ಕೈಬಿಟ್ಟ ಅಜ್ಜನಿಗೆ ಊರಲ್ಲಿ ಮುಖವಿಲ್ಲ. ನಂಟಿನ ಮಾತು ಹಿರಿಯನಿಗೂ ಕಟ್ಟು ಹಾಕುತ್ತದೆ. ಲವಂಗದ ದ್ವೀಪವಾದ ತೆರ್ನಾತೆಯಲ್ಲಂತೂ ಒಬ್ಬ ಸುಲ್ತಾನನ ಹೆಸರೇ ಸಿಬೊರಿ ಆಮ್‌ಸ್ಟರ್‌ಡ್ಯಾಂ. ಅವನ ತಮ್ಮನ ಹೆಸರು ರಾಟರ್‌ಡ್ಯಾಂ. ಇಂಥ ಹೆಸರು ಹೊತ್ತೂ ಆ ಸುಲ್ತಾನ ಮುಂದೆ ಕಂಪನಿಯ ವಿರುದ್ಧ ದಂಗೆ ಎದ್ದ.

ನಂಟಿನ ಗೊಡವೆಗೆ ಹೋಗದೆ ನೇರವಾಗಿ ಉತ್ತರ ಕೊಟ್ಟವರೂ ಇದ್ದರು. ಮಸಾಲೆ ದ್ವೀಪಗಳ ಕಡೆ ಹಡಗು ಕಳಿಸಬಾರದೆಂದು ಡಚ್ಚರು ತಡೆದಾಗ, ದೇವರು ಭೂಮಿಯನ್ನು ಜನರಿಗೆ ಹಂಚಿದ್ದಾನೆ, ಆದರೆ ಸಮುದ್ರವನ್ನು ಎಲ್ಲರಿಗೂ ಒಟ್ಟಾಗಿ ಕೊಟ್ಟಿದ್ದಾನೆ ಎಂಬ ಅರ್ಥದ ಮಾತನ್ನು ಸುಲಾವೆಸಿ ದ್ವೀಪದ ಮಕಾಸ್ಸರ ರಾಜ್ಯದ ಸುಲ್ತಾನ ಹೇಳಿ ಕಳಿಸಿದ. ಅದಕ್ಕೆ ಕಂಪನಿಯ ಮರುತ್ತರ ಫಿರಂಗಿಯಿಂದ ಬಂದದ್ದು. 1667ರ ಬೊಂಗಾಯ ಒಪ್ಪಂದ ಮಕಾಸ್ಸರದ ಸ್ವತಂತ್ರ ವ್ಯಾಪಾರಕ್ಕೆ ಮಂಗಳ ಹಾಡಿತು.

ಆಫ್ರಿಕದಿಂದ ಬಂದ ಪತ್ರಗಳಲ್ಲಿ ಇಥಿಯೋಪಿಯದ ಚಕ್ರವರ್ತಿಯವು ವಿಶಿಷ್ಟವಾದವು. ಅವನ ದೂತ ಖ್ವಾಜಾ ಮುರಾದ್ ಇಥಿಯೋಪಿಯದವನಲ್ಲ, ಅರ್ಮೇನಿಯದ ವರ್ತಕ. ಹಲವು ಬಂದರುಗಳ ಭಾಷೆ, ರೀತಿ, ಜನರ ಪರಿಚಯ ಇದ್ದವರಿಗೇ ಇಂಥ ಕೆಲಸ ಒಪ್ಪಿಸುತ್ತಿದ್ದರು. 17ನೇ ಶತಮಾನದ ಉತ್ತರಾರ್ಧದಲ್ಲಿ ಅವನು ಬಟೇವಿಯಾಕ್ಕೆ ಪತ್ರ ತಂದ, ಜೊತೆಗೆ ಜೀವಂತ ಝೀಬ್ರಾಗಳನ್ನೂ. ಅದಕ್ಕೂ ಮೊದಲು ಔರಂಗಜೇಬನ ಬಳಿಗೆ ಹೊರಟ ಇಥಿಯೋಪಿಯದ ನಿಯೋಗದಲ್ಲೂ ಅವನಿದ್ದ. 1664ರ ಜನವರಿಯಲ್ಲಿ ಶಿವಾಜಿ ಸೂರತ್ತನ್ನು ಲೂಟಿ ಮಾಡಿದಾಗ ಆ ನಿಯೋಗ ಊರಿನಲ್ಲೇ ಸಿಕ್ಕಿಕೊಂಡಿತ್ತು. ಉಡುಗೊರೆಗಳಲ್ಲಿ ಹೆಚ್ಚಿನವು ಹೋದವು. ಪಟ್ಟೆಪಟ್ಟೆಯ ಒಂದು ಚರ್ಮವೂ ಚಕ್ರವರ್ತಿಯ ಪತ್ರಗಳೂ ಉಳಿದವು. ಅಷ್ಟು ಸಾಕಾಗಿತ್ತು, ದೂತರು ಮುಂದೆ ದೆಹಲಿಗೆ ಹೋದರು.

ನಮ್ಮ ಸೀಮೆಯೂ ಈ ಜಾಲದ ಹೊರಗಿರಲಿಲ್ಲ. ಗೋವಾದ ಪೋರ್ಚುಗೀಸರನ್ನು ಸಮುದ್ರದ ಕಡೆಯಿಂದ ಕಟ್ಟಿಹಾಕಲು ಡಚ್ಚರಿಗೆ ಹತ್ತಿರದಲ್ಲೊಂದು ನೆಲೆ ಬೇಕಾದಾಗ, ಯೋಹಾನ್ ವಾನ್ ಟ್ವಿಸ್ಟ್ ಎಂಬ ದೂತ 1637ರಲ್ಲಿ ವಿಜಾಪುರಕ್ಕೆ ಹೋಗಿ ಮುಹಮ್ಮದ್ ಆದಿಲ್‌ಶಾಹನನ್ನು ಕಂಡ. ಅದರ ಫಲವಾಗಿ ವೆಂಗುರ್ಲೆಯಲ್ಲಿ ಕಂಪನಿಯ ಕೋಠಿ ಎದ್ದಿತು. ಕೆಳದಿ ಅರಸರ ಬಸ್ರೂರಿಗೂ ಡಚ್ಚರು ಅಕ್ಕಿ, ಮೆಣಸುಗಳಿಗಾಗಿ ಬರುತ್ತಿದ್ದರು. ಒಂದೂವರೆ ಶತಮಾನ ಕಳೆದ ಮೇಲೆ ಇಲ್ಲಿಯೂ ‘ಯಾರ ಆಳು ಯಾರು’ ಎಂಬ ಅದೇ ಪ್ರಶ್ನೆ ಎದ್ದಿತು. 1789ರಲ್ಲಿ ಡಚ್ಚರು ಕೊಡುಂಗಲ್ಲೂರು ಕೋಟೆಯನ್ನು ತಿರುವಾಂಕೂರಿಗೆ ಮಾರಿದಾಗ ಟಿಪ್ಪು ಸುಲ್ತಾನ್ ತಕರಾರು ತೆಗೆದ: ಆ ನೆಲ ಕೊಚ್ಚಿ ರಾಜನದು, ಕೊಚ್ಚಿ ರಾಜ ನನಗೆ ಕಪ್ಪ ಕೊಡುವವನು, ಮಾರಲು ನೀವು ಯಾರು? ಆ ವರ್ಷದ ಕೊನೆಗೆ ಅವನು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ಅದು ಮೂರನೆಯ ಮೈಸೂರು ಯುದ್ಧವಾಗಿ ಬೆಳೆಯಿತು.

ಕಂಪನಿಯ ಸನದು 1799ರ ಕೊನೆಯ ದಿನ ಮುಗಿಯಿತು. ಅದು ಬಿಟ್ಟುಹೋದ ಕಾಗದಗಳು ಹೇಗ್, ಜಕಾರ್ತ, ಕೊಲಂಬೊ, ಕೇಪ್‌ಟೌನ್ ಹಾಗೂ ಚೆನ್ನೈಯಲ್ಲಿವೆ. ಕೊಚ್ಚಿಯ ಡಚ್ ದಫ್ತರ ಇರುವುದು ಚೆನ್ನೈಯಲ್ಲಿ. 2003ರಲ್ಲಿ ಯುನೆಸ್ಕೋ ಇವನ್ನೆಲ್ಲ ಒಟ್ಟಾಗಿ ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು. ಜಕಾರ್ತದ ದಿನಚರಿ ಪುಸ್ತಕಗಳ ಪುಟಗಳನ್ನು ಆಮೇಲೆ ಒಂದೊಂದಾಗಿ ಚಿತ್ರ ತೆಗೆದು ಇಟ್ಟರು, ಮತ್ತು ಅದಕ್ಕೆ ಅವಸರವೂ ಇತ್ತು. ಆ ಗುಮಾಸ್ತರು ಬಳಸಿದ್ದು ಕಬ್ಬಿಣದ ಉಪ್ಪಿಗೆ ಮಾಜುಕಾಯಿಯ ರಸ ಬೆರೆಸಿ ಮಾಡಿದ ಮಸಿ. ಬರೆದಾಗ ಅದು ಕಡುಕಪ್ಪು. ಆ ಊರಿನ ಸೆಕೆಯಲ್ಲೂ ತೇವದಲ್ಲೂ ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಮಸಿ ದಪ್ಪವಾಗಿ ಬಿದ್ದ ಕಡೆ ಅಕ್ಷರವೇ ಉದುರಿ, ಅದರ ಆಕಾರದ ತೂತು ಉಳಿಯುತ್ತದೆ.